ಲಾಡು ಹಾರಿದ್ದು ಹೇಗೆ ಅಂತ ಮಗು ಕೇಳಿದರೆ ಹೇಳಬೇಕೋ, ಸುಮ್ಮನಿರಬೇಕೋ? – ಹಳೇ ಮಾಯಾ ಸಿನಿಮಾಗಳ ಬಗ್ಗೆ

ಕೋಟೆಬದಿಯವನು, ಚಿತ್ರದುರ್ಗ
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನಿಂದ ಒಂದು ತಪ್ಪಾಗಿದೆ. ಯಾರಾದರೂ ದಾರಿ ಹೇಳಬಹುದು ಅಂತ ಬರೀತಿದ್ದೀನಿ.

ದಸರಾ ರಜೆಗೆ ತಂಗಿ ಮಗಳು ಬಂದಿದ್ದಾಳೆ. ಏಳು ವರ್ಷ. ಬೆಳಗ್ಗೆ ಕೋಟೆಗೆ ಕರಕೊಂಡು ಹೋಗಿದ್ದೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನದು ಅಂತ ಹೇಳುವ ಹಲ್ಲಿನ ಕಥೆ, ಭೀಮ ಬಂದು ಅವನನ್ನು ಕೊಂದದ್ದು, ತಂಗಿ ಹಿಡಿಂಬೆಯನ್ನು ಮದುವೆಯಾದದ್ದು, ಘಟೋತ್ಕಚ ಹುಟ್ಟಿದ್ದು, ಎಲ್ಲವನ್ನೂ ನಮ್ಮಜ್ಜಿ ನನಗೆ ಹೇಳಿದ ಹಾಗೇ ಹೇಳಿದೆ. ನಮ್ಮನೆಯಲ್ಲಿ ಘಟೋತ್ಕಚ ಅಂದರೆ ಯಾವತ್ತೂ ದುರ್ಗದ ಹುಡುಗನೇ. ಅವಳು ಸುತ್ತಲಿನ ಗುಂಡುಗಳನ್ನೆಲ್ಲ ನೋಡಿ, "ಹಂಗಾದ್ರೆ ಇವೆಲ್ಲ ಅವನ ಆಟದ ಸಾಮಾನಾ ಮಾಮಾ? ಎತ್ತಿಡದೆ ಹೋಗಿಬಿಟ್ಟನಾ?" ಅಂದಳು. ಹೌದು ಅಂದೆ. ಇಳಿದು ಬರುವಾಗ ದಾರಿಯುದ್ದಕ್ಕೂ ಯಾವ ಕಲ್ಲು ಗೋಲಿ, ಯಾವುದು ಬುಗುರಿ ಅಂತ ಲೆಕ್ಕ ಹಾಕಿದಳು.

ಸಂಜೆ ಅದೇ ಹುರುಪಿನಲ್ಲಿ 'ಮಾಯಾಬಜಾರ್' ಹಾಕಿದೆ. 1957ರ ತೆಲುಗಿನದು, ಎಸ್.ವಿ. ರಂಗಾರಾವ್ ಘಟೋತ್ಕಚ. ಅವಳಿಗೆ ತೆಲುಗು ಬರಲ್ಲ, ಆದರೂ ಕದಲಲಿಲ್ಲ. ಮದುವೆ ಅಡುಗೆ ಮುಂದೆ ಘಟೋತ್ಕಚ ಕೂತು ಲಾಡು ತಾವಾಗಿ ಬಾಯಿಗೆ ಹಾರುತ್ತವಲ್ಲ, ಅಲ್ಲಿ ನನ್ನ ಕೈ ಜಗ್ಗಿ, "ಮಾಮಾ, ಹೆಂಗೆ ಹಾರ್ತು?" ಅಂದಳು. ನಾನು ಫೋನ್ ನೋಡ್ತಿದ್ದೆ. "ಅದೆಲ್ಲ ಸುಳ್ಳು ಕಣಮ್ಮ, ದಾರ ಗೀರ ಕಟ್ಟಿರ್ತಾರೆ, ಸುಮ್ನೆ ನೋಡು" ಅಂದುಬಿಟ್ಟೆ.

ಐದು ನಿಮಿಷ ಮಾತಿಲ್ಲ. ಆಮೇಲೆ ಕೇಳಿದಳು: "ಬೆಳಗ್ಗೆ ಹೇಳಿದ್ದೂ ಸುಳ್ಳಾ?"

ನನಗೆ ಉತ್ತರ ತೋಚಲಿಲ್ಲ. ಅವಳು ಎದ್ದು ಅಜ್ಜಿ ಹತ್ತಿರ ಮಲಗೋಕೆ ಹೋದಳು. ಸಿನಿಮಾ ಅರ್ಧಕ್ಕೇ ನಿಂತಿದೆ. ಇಂಥ ಸಿನಿಮಾ ತೋರಿಸುವಾಗ ಮಕ್ಕಳು ಹೀಗೆ ಕೇಳಿದರೆ ನೀವೆಲ್ಲ ಏನು ಹೇಳ್ತೀರಿ?


ಚಳ್ಳಕೆರೆ_ಶೇಂಗಾ
ಭಾನುವಾರ, ರಾತ್ರಿ 10.05

ಅಣ್ಣಾ, ನಮ್ಮ ಕಡೆ ತೆಲುಗು ಮನೆಮಾತಿನಷ್ಟೇ ಹತ್ತಿರ, ಈ ಸಿನಿಮಾ ನಮ್ಮಪ್ಪನಿಗೆ ಬಾಯಿಪಾಠ. ಒಂದು ಮಾತು ಹೇಳ್ತೀನಿ. ಆ ಸಿನಿಮಾದಲ್ಲಿ ಬರುವ ಶಶಿರೇಖೆ ಮದುವೆ ಕಥೆ ವ್ಯಾಸಭಾರತದಲ್ಲಿ ಇಲ್ಲವೇ ಇಲ್ಲ. ಜನ ಕಟ್ಟಿಕೊಂಡದ್ದು. ಬಲರಾಮನ ಮಗಳು, ಅಭಿಮನ್ಯು, ನಡುವೆ ಘಟೋತ್ಕಚ ಹೆಣ್ಣು ವೇಷದಲ್ಲಿ ಬಂದು ಕೌರವರನ್ನು ಗೋಳು ಹೊಯ್ಕೊಳ್ಳೋದು, ಎಲ್ಲ ಊರೂರಲ್ಲಿ ಆಡಿ ಆಡಿ ಬೆಳೆದದ್ದು. ನಿಮ್ಮ ಸೊಸೆ ಗುಂಡುಗಳನ್ನು ಆಟದ ಸಾಮಾನು ಅಂದಳಲ್ಲ, ಅದೂ ಅದೇ ಸಾಲಿಗೆ ಸೇರಿದ್ದು. ಅಂಥದ್ದಕ್ಕೆ ಸುಳ್ಳು ಅನ್ನೋ ಮಾತು ಹೊಂದಲ್ಲ. ನಾಳೆ ಬೆಳಗ್ಗೆ ಎದ್ದ ಕೂಡಲೇ ಅವಳಿಗೆ ಅದನ್ನ ಹೇಳಿಬಿಡಿ.


ಹಳೇಪೇಟೆ_ಆಪರೇಟರ್, ದಾವಣಗೆರೆ
ಭಾನುವಾರ, ರಾತ್ರಿ 11.20

ತಮ್ಮಾ, ಮನಸಿಗೆ ಹಚ್ಕೊಬ್ಯಾಡ. ನಾನು 31 ವರ್ಷ ದಾವಣಗೆರೆ ಟಾಕೀಸಿನಾಗೆ ಆಪರೇಟರ್ ಆಗಿದ್ದೋನು. ನಾನು ಕೆಲಸಕ್ಕೆ ಸೇರಿದಾಗ ದಾವಣಗೆರೆನೂ ದುರ್ಗದ ಜಿಲ್ಲೆನೇ, ಹಂಗಾಗಿ ನಿನ್ನ ಘಟೋತ್ಕಚ ನಮಗೂ ಊರಿನೋನೇ.

ನಂಗೆ ಟ್ರಿಕ್ಕು ಎಲ್ಲ ಗೊತ್ತಿತ್ತು ಅಂತ ಇಟ್ಕ. ಪರದೆ ಮ್ಯಾಲೆ ಬೀಳೋದು ಬರೀ ಬೆಳಕು, ಅದೂ ನನ್ನ ಕೈಯಾಗಿರೋ ಬೆಳಕು. ಎರಡು ಮಿಷಿನ್ನು. ಕಾರ್ಬನ್ ಕಡ್ಡಿ ಎರಡು ಎದುರುಬದುರು ಹಿಡಿದು ಉರಿಸ್ಬೇಕು, ಸವೆದಂಗೆ ಮುಂದಕ್ಕೆ ತಳ್ತಾ ಇರ್ಬೇಕು, ಕೈ ಮರೆತ್ರೆ ಪರದೆ ಹಳದಿ ತಿರುಗಿ ಕತ್ತಲಾಗ್ತದೆ, ಕೆಳಗಿಂದ ಶಿಳ್ಳೆ. ಪರದೆಯ ಬಲಗಡೆ ಮ್ಯಾಲಿನ ಮೂಲೆಯಾಗೆ ಒಂದು ಚುಕ್ಕಿ ಮಿಂಚಿ ಹೋಗ್ತದೆ. ಅದು ಬಂತು ಅಂದ್ರೆ ಎರಡನೇ ಮಿಷಿನ್ ಓಡಿಸ್ಬೇಕು, ಇನ್ನೊಂದು ಚುಕ್ಕಿ ಬಂತು ಅಂದ್ರೆ ಬೆಳಕು ಅದಕ್ಕೆ ಬದಲಾಯಿಸ್ಬೇಕು. ಜನ ಅಳ್ತಾ ಇರ್ಲಿ ನಗ್ತಾ ಇರ್ಲಿ, ನನ್ನ ಕಣ್ಣು ಆ ಮೂಲೆಗೇ.

ಆದ್ರೂ ಹೇಳ್ತೀನಿ ಕೇಳು. ಒಂದು ಬ್ಯಾಸಿಗೆ ರಜಕ್ಕೆ ಬೆಳಗಿನ ಆಟಕ್ಕೆ 'ಮಾಯಾಬಜಾರ್' ಹಾಕಿದ್ರು. ನೆಲದ ಕ್ಲಾಸಿನಾಗೆ ಬರೀ ಹುಡುಗ್ರು. ಲಾಡು ಹಾರೋ ಹೊತ್ತಿಗೆ ನಾನು ಕಿಂಡಿಯಾಗೆ ಇಣುಕಿದೆ. ಪರದೆ ನೋಡ್ಲಿಲ್ಲ, ಹುಡುಗ್ರನ್ನ ನೋಡಿದೆ. ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ವಾಲಿ ಕತ್ತು ಎತ್ತಿ ಕೂತಿದ್ವು. ಒಂದು ಲಾಡು ಹಾರ್ತು ಅಂದ್ರೆ ಅಷ್ಟೂ ಬಾಯಿ ತೆರಕೊಳ್ಳವು, ಘಟೋತ್ಕಚ ನುಂಗಿದ ಅಂದ್ರೆ ಮುಚ್ಕೊಳ್ಳವು. ಪರದೆ ಬೆಳಕು ಆ ಹಲ್ಲಿನ ಮ್ಯಾಲೆ ಬಿದ್ದು ಮಿನುಗ್ತಿತ್ತು. ಆವತ್ತು ಚುಕ್ಕಿ ತಪ್ಪಿಸ್ಕೊಂಡೆ. 31 ವರ್ಷದಾಗೆ ನೋಡ್ತಾ ಕೂತು ತಪ್ಪಿಸ್ಕೊಂಡಿದ್ದು ಅದೊಂದೇ ಸಲ.

ಗೊತ್ತಾದ್ರೆ ರುಚಿ ಹೋಗ್ತದೆ ಅನ್ನೋದನ್ನ ನಾನು ಒಪ್ಪಲ್ಲ.


ಪಿಜೆ_ಬಡಾವಣೆ_ಅಮ್ಮ
ಸೋಮವಾರ, ಬೆಳಗ್ಗೆ 7.15

ಆಪರೇಟರ್ ಕಾಕಾ, ಓದಿ ಕಣ್ಣು ತುಂಬಿತು. ಆದರೆ ನಾನು ಬೇರೆ ಥರ ಯೋಚಿಸ್ತೀನಿ. ಹೇಳಬಾರದು. ಮಗು ಎಷ್ಟು ದಿನ ನಂಬುತ್ತೋ ಅಷ್ಟು ದಿನ ನಂಬಲಿ.

ನನ್ನ ಮಗನಿಗೆ ಐದು. ಹೋದ ವರ್ಷ ಅವನಿಗೆ 'ದಿ ರೆಡ್ ಬಲೂನ್' ತೋರಿಸಿದೆ. ಫ್ರಾನ್ಸಿನ ಸಿನಿಮಾ, 1956ರದು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಪ್ಯಾರಿಸ್ಸಿನ ಒಬ್ಬ ಹುಡುಗನಿಗೆ ಕೆಂಪು ಬಲೂನು ಸಿಗುತ್ತೆ, ಅದು ನಾಯಿಮರಿ ಹಾಗೆ ಅವನ ಹಿಂದೆ ಬರುತ್ತೆ. ಬಸ್ಸಿನ ಹಿಂದೆ ಬರುತ್ತೆ, ಶಾಲೆ ಕಿಟಕಿ ಹೊರಗೆ ಕಾಯುತ್ತೆ. ನಿರ್ದೇಶಕ ಅಲ್ಬೇರ್ ಲಾಮೊರೀಸ್ ತನ್ನ ಸ್ವಂತ ಮಗನನ್ನೇ ಆ ಹುಡುಗನ ಪಾತ್ರಕ್ಕೆ ಹಾಕಿದ್ದಾನೆ. ಮಾತು ಇಲ್ಲ ಅನ್ನುವಷ್ಟು ಕಡಿಮೆ, ಆದರೂ ಚಿತ್ರಕಥೆಗೆ ಆಸ್ಕರ್ ಬಂತು. ಮಾತಿಲ್ಲದ ಕಾರಣ ನನ್ನ ಮಗನಿಗೆ ಯಾರೂ ಏನೂ ಅರ್ಥ ಹೇಳಬೇಕಾಗಲಿಲ್ಲ.

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾರನೇ ದಿನ ಗ್ಯಾಸ್ ಬಲೂನು ಬೇಕು ಅಂದ. ತಂದುಕೊಟ್ಟೆ. ಮಂಚದ ಕಾಲಿಗೆ ಕಟ್ಟಿ, ಅದರ ಹತ್ತಿರ ಬಾಯಿಟ್ಟು, "ಸ್ಕೂಲಿಗೆ ಹೋಗಿ ಬರ್ತೀನಿ, ಅಳಬೇಡ" ಅಂದ. ಸಂಜೆ ಬರುವಷ್ಟರಲ್ಲಿ ಅದು ಅರ್ಧ ಇಳಿದಿತ್ತು. "ಕಾದು ಕಾದು ಸುಸ್ತಾಗಿದೆ" ಅಂತ ತನ್ನ ದಿಂಬಿನ ಮೇಲೆ ಮಲಗಿಸಿದ. ಆ ಹೊತ್ತಲ್ಲಿ ನಾನು ಅನಿಲ, ಒತ್ತಡ ಅಂತ ಪಾಠ ಮಾಡಬೇಕಿತ್ತಾ?


ಹೊಳಲ್ಕೆರೆ_ಮೇಷ್ಟ್ರು
ಸೋಮವಾರ, ಸಂಜೆ 5.50

ಮೇಡಂ, ಐದು ವರ್ಷದ ಮಗುವಿಗೆ ಬೇಡ, ಒಪ್ಪಿದೆ. ಆದರೆ ಕೇಳಿದ ಮಗುವಿಗೆ ಹೇಳಲೇಬೇಕು ಅನ್ನೋದು ನನ್ನ ಅನುಭವ.

ನಾನು ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಹೇಳ್ತೀನಿ. ಎರಡು ವರ್ಷದ ಹಿಂದೆ ಸ್ವಂತ ಪ್ರೊಜೆಕ್ಟರ್ ಒಯ್ದು ಮಕ್ಕಳಿಗೆ 'ದಿ ವಿಜರ್ಡ್ ಆಫ್ ಆಝ್' ತೋರಿಸಿದೆ. 1939ರ ಅಮೆರಿಕದ ಸಿನಿಮಾ. ಡೊರೊಥಿ ಅನ್ನೋ ಹುಡುಗಿಯ ಮನೆಯನ್ನೇ ಸುಂಟರಗಾಳಿ ಎತ್ತಿಕೊಂಡು ಹೋಗಿ ಮಾಯಾದೇಶದಲ್ಲಿ ಇಳಿಸುತ್ತೆ. ಮಾತು ಇಂಗ್ಲಿಷು, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳ್ತಾ ಹೋದೆ. ಅಲ್ಲಿವರೆಗೂ ಸಿನಿಮಾ ಬರೀ ಕಂದು. ಅವಳು ಬಾಗಿಲು ತೆಗೀತಾಳೆ, ಆಚೆ ಪೂರ್ತಿ ಬಣ್ಣ! ಮಕ್ಕಳು ಒಟ್ಟಿಗೆ "ಹೋ" ಅಂದವು. ಹೊರಗಿನಿಂದ ಬಿಸಿಯೂಟದ ಅಡುಗೆಯವರು ಓಡಿ ಬಂದರು.

ಅಲ್ಲೇ ನಿಲ್ಲಿಸಿ ಕೇಳಿದೆ. ಒಳಗೆ ಕಂದು, ಹೊರಗೆ ಬಣ್ಣ, ನಡುವೆ ಎಲ್ಲೂ ಕತ್ತರಿಸಿಲ್ಲ, ಹೇಗೆ ಮಾಡಿದರು? ಒಬ್ಬ ಕಂಪ್ಯೂಟರ್ ಅಂದ. ಆಗ ಕಂಪ್ಯೂಟರ್ ಇಲ್ಲಪ್ಪ ಅಂದೆ. ಇನ್ನೊಬ್ಬ ಫಿಲಂ ಮೇಲೆ ಕೈಯಲ್ಲಿ ಬಣ್ಣ ಬಳಿದರು ಅಂದ. ಎರಡು ದಿನ ಅದೇ ಚರ್ಚೆ. ಮೂರನೇ ದಿನ ಒಬ್ಬಳು ಹುಡುಗಿ, ಅಪ್ಪ ಗೋಡೆಗೆ ಸುಣ್ಣಬಣ್ಣ ಹೊಡೆಯುವ ಕೆಲಸ ಮಾಡ್ತಾರೆ, ಅವಳು ನಿಂತು ಹೇಳಿದಳು: "ಸಾರ್, ಮನೆ ಒಳಗಡೆಗೇ ಕಂದು ಬಣ್ಣ ಹೊಡೆದಿರ್ತಾರೆ. ಫಿಲಂ ಮೊದಲಿಂದ ಕಲರ್ರೇ ಇರುತ್ತೆ."

ನಿಜಕ್ಕೂ ಹಾಗೇ ಮಾಡಿದ್ದು. ಬಾಗಿಲು, ಗೋಡೆ ಎಲ್ಲ ಕಂದು. ಬಾಗಿಲು ತೆಗೆಯುವವಳು ಕಂದು ಬಟ್ಟೆ ಹಾಕಿದ ಬೇರೆ ಹುಡುಗಿ, ಬೆನ್ನು ಮಾತ್ರ ಕಾಣುತ್ತೆ. ಅವಳು ಪಕ್ಕಕ್ಕೆ ಸರಿದಾಗ ನೀಲಿ ಚೌಕಳಿ ಉಡುಪಿನ ಜೂಡಿ ಗಾರ್ಲಂಡ್ ಮುಂದೆ ಬರುತ್ತಾಳೆ. ಸುಂಟರಗಾಳಿಯೂ ಅಷ್ಟೇ, ಸುಮಾರು 35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಚೀಲವನ್ನು ಮೇಲಿಂದ ತೂಗುಹಾಕಿ ತಿರುಗಿಸಿ, ಧೂಳು ಎಬ್ಬಿಸಿದ್ದು. ಇದನ್ನೆಲ್ಲ ಹೇಳಿದ ಮೇಲೆ ಮಕ್ಕಳು ಏನು ಕೇಳಿದವು ಗೊತ್ತಾ? "ಇನ್ನೊಂದ್ಸಲ ಹಾಕಿ ಸಾರ್." ಮತ್ತೆ ಬಾಗಿಲು ತೆಗೆದಾಗ "ಹೋ" ಮೊದಲಿಗಿಂತ ಜೋರಾಗಿತ್ತು.


ಹಳೇಪೇಟೆ_ಆಪರೇಟರ್, ದಾವಣಗೆರೆ
ಸೋಮವಾರ, ಸಂಜೆ 6.30

ಮೇಷ್ಟ್ರೇ, ಸುಂಟರಗಾಳಿ ಬಟ್ಟೆದು ಅಂತ ಗೊತ್ತೇ ಇರ್ಲಿಲ್ಲ ನೋಡ್ರಿ. ನಮ್ಮಪ್ಪ ಇಲ್ಲಿ ಹತ್ತಿ ಮಿಲ್ಲಿನಾಗೆ ಇದ್ದೋರು. ಬದುಕಿದ್ರೆ ಈಗಲೇ ಹೋಗಿ ಹೇಳ್ತಿದ್ದೆ.


ಮೂರನೇ_ಸೆಮ್, ದಾವಣಗೆರೆ
ಸೋಮವಾರ, ರಾತ್ರಿ 9.10

ಎಲ್ಲರೂ ಹಿರಿಯರು, ತಪ್ಪು ತಿಳೀಬೇಡಿ. ನನಗೆ ಒಂದು ಅನುಮಾನ. ನೀವೆಲ್ಲ ಪ್ರೀತಿಸ್ತಿರೋದು ಆ ಸಿನಿಮಾಗಳನ್ನೋ, ನಿಮ್ಮ ಬಾಲ್ಯವನ್ನೋ? ನಾನು 'ಮಾಯಾಬಜಾರ್' ನೋಡೋಕೆ ಎರಡು ಸಲ ಕೂತೆ, ಮೂರು ಗಂಟೆ, ಮೊದಲ ಮುಕ್ಕಾಲು ಗಂಟೆಯಲ್ಲೇ ನಿದ್ದೆ ಬಂತು. ನನಗೆ ಒಂಬತ್ತು ವರ್ಷ ಆಗಿದ್ದಾಗ ಜೀವ ಹೋಗುವಷ್ಟು ಇಷ್ಟ ಆಗಿದ್ದು ಜಪಾನಿನ 'ಮೈ ನೇಬರ್ ಟೊಟೊರೊ', ಅದೂ ಚಿಕ್ಕ ಲ್ಯಾಪ್‌ಟಾಪ್ ಪರದೆಯಲ್ಲಿ. 1988ರದು, ನನಗಿಂತ ಹಳೆಯದೇ. ಆದರೆ ನಾನು ಅದನ್ನ ಟೆಂಟಿನಲ್ಲಿ ನೋಡಿಲ್ಲ, ಕಾರ್ಬನ್ ಕಡ್ಡಿ ವಾಸನೆ ಗೊತ್ತಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳು. ಸಿನಿಮಾದಲ್ಲೂ ಆ ಇಬ್ಬರು ಹುಡುಗಿಯರ ಅಮ್ಮ ಆಸ್ಪತ್ರೆಯಲ್ಲೇ ಇರ್ತಾಳೆ. ಬಸ್‌ಸ್ಟಾಪಿನಲ್ಲಿ ಮಳೆ, ಪಕ್ಕದಲ್ಲಿ ಆ ದೊಡ್ಡ ಪ್ರಾಣಿ ಬಂದು ಸುಮ್ಮನೆ ನಿಲ್ಲುತ್ತೆ. ಅಷ್ಟೇ. ನನ್ನ ಪಕ್ಕದಲ್ಲೂ ನಿಂತ ಹಾಗಾಯ್ತು.

ಹಾಗಾಗಿ ಹಳೇದಕ್ಕೆ ಮಾತ್ರ ಈ ಶಕ್ತಿ ಇದೆ ಅಂದರೆ ನಾನು ಒಪ್ಪಲ್ಲ. ಹಾಗಿದ್ದ ಮೇಲೆ ಏನಿದೆ ಇವುಗಳಲ್ಲಿ?


ಬಣ್ಣದ_ಪೆಟ್ಟಿಗೆ, ದಾವಣಗೆರೆ
ಸೋಮವಾರ, ರಾತ್ರಿ 10.45

ತಮ್ಮಾ, ಕೇಳಿದ್ದು ಬಹಳ ಒಳ್ಳೆಯದಾಯ್ತು. ನನ್ನ ಬುದ್ಧಿಗೆ ತಿಳಿದಷ್ಟು ಹೇಳ್ತೀನಿ.

ನಾನು ಹುಟ್ಟಿದ್ದು ನಾಟಕ ಕಂಪನಿ ಮನೆತನದಲ್ಲಿ. ದಾವಣಗೆರೆ ಅಂದರೆ ಜನಕ್ಕೆ ಬೆಣ್ಣೆದೋಸೆ ನೆನಪಾಗುತ್ತೆ, ನಮಗೆ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿ, ಲೀಲಮ್ಮನವರ ಹೆಸರು ಮೊದಲು ಬರುತ್ತೆ. ನಮ್ಮದು ಅಷ್ಟು ದೊಡ್ಡದಲ್ಲ, ಜಾತ್ರೆಯಿಂದ ಜಾತ್ರೆಗೆ ಹೋಗುವ ಸಣ್ಣ ಕಂಪನಿ. ಪೌರಾಣಿಕ ನಾಟಕದಲ್ಲಿ ಒಂದು ಟ್ರಾನ್ಸ್‌ಫರ್ ಸೀನು ಇರಲೇಬೇಕು. ಕಾಡು ಇದ್ದದ್ದು ಕಣ್ಣೆದುರೇ ಅರಮನೆ ಆಗಬೇಕು. ತಾತ ಮೇಲೆ ಅಟ್ಟದಲ್ಲಿ ಹಗ್ಗ ಹಿಡಿದಿರುತ್ತಿದ್ದರು. ಕೆಳಗೆ ಎಡಗಡೆ ವಿಂಗ್‌ನಲ್ಲಿ ನಾನು. ಎಂಟು ವರ್ಷ. ನನ್ನ ಕೆಲಸ ಮತಾಪು ಹಚ್ಚೋದು. ತಾತ ಕೆಮ್ಮಬೇಕು, ನಾನು ಹಚ್ಚಬೇಕು, ಆ ಬೆಳ್ಳಗಿನ ಬೆಳಕಿಗೆ ಜನರ ಕಣ್ಣು ಕೋರೈಸಿದ ಕ್ಷಣದಲ್ಲಿ ಹಗ್ಗ ಜಾರಬೇಕು.

ಒಂದು ರಾತ್ರಿ ಮತಾಪು ಹತ್ತಲಿಲ್ಲ. ಬಿರುಸು ಗಾಳಿ, ಮೂರು ಕಡ್ಡಿ ಗೀರಿದೆ. ತಾತ ಕೆಮ್ಮುತ್ತಲೇ ಇದ್ದರು. ಕೊನೆಗೆ ಕತ್ತಲಲ್ಲೇ ಹಗ್ಗ ಬಿಟ್ಟರು. ಕಾಡಿನ ಪರದೆ ಗರಗರ ಅಂತ ಜಾರಿದ್ದು, ಅರಮನೆ ಪರದೆ ಅರ್ಧಕ್ಕೆ ಸಿಕ್ಕಿ ಆಮೇಲೆ ಇಳಿದದ್ದು, ಎಲ್ಲ ಜನಕ್ಕೆ ಕಂಡಿತು. ನಾನು ಅಳೋಕೆ ಶುರು ಮಾಡಿದೆ. ಆದರೆ ಮುಂದಿನ ಚಾಪೆಯಲ್ಲಿ ಕೂತಿದ್ದ ಮಕ್ಕಳು, ಪರದೆ ಸಿಕ್ಕಿಕೊಂಡಿದ್ದನ್ನು ಕಣ್ಣಾರೆ ನೋಡಿದವು, ಚಪ್ಪಾಳೆ ತಟ್ಟಿದವು. ತಟ್ಟಿ ತಟ್ಟಿ ಅರಮನೆಯನ್ನು ಕೆಳಗಿಳಿಸಿಕೊಂಡವು. ಅಷ್ಟೇ ಹೇಳಬಲ್ಲೆ.

ಸತ್ಯಜಿತ್ ರಾಯ್ ಮಾಡಿದ 'ಗೂಪಿ ಗೈನೆ ಬಾಘಾ ಬೈನೆ' ನೋಡಿದ್ದೀರಾ? 1969. ತಮ್ಮ ತಾತ ಉಪೇಂದ್ರಕಿಶೋರ್ ಬರೆದ ಕಥೆ. ದುಡ್ಡು ಸಾಲದೆ ಕಪ್ಪುಬಿಳುಪಿನಲ್ಲೇ ತೆಗೆದು ಕೊನೆಗಷ್ಟೇ ಬಣ್ಣ ಇಟ್ಟರು. ಊರಿಂದ ಓಡಿಸಿಕೊಂಡ ಹಾಡುಗಾರ ಒಬ್ಬ, ಡೋಲಿನವ ಒಬ್ಬ. ಭೂತಗಳ ರಾಜ ಮೂರು ವರ ಕೊಡುತ್ತಾನೆ. ಬೇಕಾದ ಊಟ ಬಟ್ಟೆ, ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯುವ ಪಾದರಕ್ಷೆ, ಕೇಳಿದವರು ಕದಲದಂತೆ ಹಿಡಿದಿಡುವ ಹಾಡು. ಆದರೆ ಊಟ ಬೇಕು ಅಂದರೆ ಇಬ್ಬರೂ ಒಬ್ಬರ ಕೈಗೆ ಒಬ್ಬರು ತಟ್ಟಬೇಕು. ಒಬ್ಬನೇ ತಟ್ಟಿದರೆ ಒಂದು ಅಗುಳೂ ಬರಲ್ಲ.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಅದೇ ತಮ್ಮಾ. ಹಳೇದು ಹೊಸದು ಅಂತಲ್ಲ. ಈ ಸಿನಿಮಾಗಳು ಇನ್ನೊಂದು ಕೈಯನ್ನು ಕೇಳುತ್ತವೆ. ನಿನಗೆ ಆ ಜಪಾನಿನ ಸಿನಿಮಾದಲ್ಲಿ ಆ ಪ್ರಾಣಿಯೇ ಇನ್ನೊಂದು ಕೈ ಆಯ್ತು.

ದುರ್ಗದ ಅಣ್ಣಾ, ಕಟುವಾಗಿ ಹೇಳ್ತಿದ್ದೀನಿ ಅಂದುಕೋಬೇಡಿ. ಗುಟ್ಟು ಹೇಳಿದಿರಾ ಬಿಟ್ಟಿರಾ ಅನ್ನೋದು ದೊಡ್ಡದಲ್ಲ. ಮಗು ಕೈ ಜಗ್ಗಿದಾಗ ನಿಮ್ಮ ಕೈಯಲ್ಲಿ ಫೋನ್ ಇತ್ತು.


ಪಿಜೆ_ಬಡಾವಣೆ_ಅಮ್ಮ
ಸೋಮವಾರ, ರಾತ್ರಿ 11.00

ಅಕ್ಕಾ, ಇದನ್ನ ಓದಿ ನನ್ನ ಫೋನ್ ತೆಗೆದು ಬೀರುವಿನಲ್ಲಿಟ್ಟು ಬಂದೆ. ಈಗ ಮತ್ತೆ ತೆಗೆದಿದ್ದು ಇದಿಷ್ಟು ಬರೆಯೋಕೆ.


ರಾಘವೇಂದ್ರ_ಬಣ್ಣದಂಗಡಿ_ಎದುರು, ಬೆಂಗಳೂರು (ಊರು ದಾವಣಗೆರೆ)
ಮಂಗಳವಾರ, ಮಧ್ಯಾಹ್ನ 1.20

ನಾನು ಅನಿಮೇಷನ್ ಕೆಲಸದಲ್ಲಿದ್ದೀನಿ, ಕಂಪ್ಯೂಟರಿನಲ್ಲಿ ಮಾಯೆ ಮಾಡೋದೇ ಹೊಟ್ಟೆಪಾಡು. ಎರಡು ಸಂಗತಿ ಸೇರಿಸ್ತೀನಿ.

'ಇ.ಟಿ.' ಸಿನಿಮಾದಲ್ಲಿ (1982, ಸ್ಪೀಲ್‌ಬರ್ಗ್) ಕ್ಯಾಮರಾ ಬಹುಪಾಲು ಮಗುವಿನ ಎತ್ತರದಲ್ಲೇ ಇರುತ್ತೆ. ಅಮ್ಮನನ್ನು ಬಿಟ್ಟರೆ ದೊಡ್ಡವರ ಮುಖ ತುಂಬ ಹೊತ್ತು ಕಾಣೋದೇ ಇಲ್ಲ. ಸೊಂಟ, ಟಾರ್ಚು, ಬೆಲ್ಟಿಗೆ ಸಿಕ್ಕಿಸಿದ ಕೀಲಿಗೊಂಚಲು. ದೊಡ್ಡವರಾದ ನಾವು ನೋಡುವಾಗ ನಮಗೇ ಗೊತ್ತಿಲ್ಲದೆ ಮಂಡಿಯೂರಿರ್ತೀವಿ. ಕೆಲಸದಲ್ಲಿ ಹೊಸಬರು ಬಂದಾಗ ನಾನು ಮೊದಲು ತೋರಿಸೋದು ಇದನ್ನೇ.

ಎರಡನೆಯದು 'ಮೈ ಡಿಯರ್ ಕುಟ್ಟಿಚಾತ್ತನ್'. 1984ರ ಮಲಯಾಳಂ ಸಿನಿಮಾ, ಭಾರತದ ಮೊದಲ ತ್ರೀಡಿ. 1998ರಲ್ಲಿ ಹಿಂದಿಯಲ್ಲಿ 'ಛೋಟಾ ಚೇತನ್' ಅಂತ ಬಂತು, ನಾನು ನೋಡಿದ್ದು ಅದನ್ನ, ದಾವಣಗೆರೆಯಲ್ಲಿ ಅಪ್ಪನ ಜೊತೆ. ಹೋಗುವಾಗ ಅಶೋಕ ಟಾಕೀಸ್ ರೈಲ್ವೆ ಗೇಟ್ ಬಿದ್ದು, ಗೂಡ್ಸ್ ಗಾಡಿ ಮುಗಿಯೋದೇ ಇಲ್ಲ, ಮೊದಲ ಹತ್ತು ನಿಮಿಷ ತಪ್ಪಿಹೋಯ್ತು. ಅದರಲ್ಲಿ ಮಕ್ಕಳು ಗೋಡೆ ಮೇಲೆ ನಡೆದು, ಹಾಗೇ ಚಾವಣಿ ಮೇಲೆ ನಡೆದು, ಇನ್ನೊಂದು ಗೋಡೆಯಿಂದ ಇಳಿಯುತ್ತಾರೆ. ಇಡೀ ಕೋಣೆಯನ್ನೇ ತಿರುಗುವ ಹಾಗೆ ಕಟ್ಟಿ, ಕ್ಯಾಮರಾವನ್ನೂ ಅದರ ಜೊತೆ ತಿರುಗಿಸಿದ್ದು. ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ರಾತ್ರಿ ಮಾತ್ರ ಮಂಚದಿಂದ ತಲೆ ಕೆಳಗೆ ಇಳಿಬಿಟ್ಟು ನಮ್ಮ ಹಾಲ್ ನೋಡಿದೆ. ಫ್ಯಾನು ನೆಲದಿಂದ ಹೂವಿನ ಹಾಗೆ ಎದ್ದಿತ್ತು. ಬಾಗಿಲಿಂದ ಒಳಗೆ ಬರೋಕೆ ಒಂದು ಹೊಸ್ತಿಲು ದಾಟಬೇಕಿತ್ತು, ಎರಡಡಿ ಎತ್ತರದ್ದು. ಅಪ್ಪ ಬಂದರು, ಬೈತಾರೆ ಅಂದುಕೊಂಡೆ. ಪಕ್ಕದಲ್ಲಿ ಮಲಗಿ ಅವರೂ ತಲೆ ಇಳಿಬಿಟ್ಟರು. "ಟ್ಯೂಬ್‌ಲೈಟ್ ಎಡವೀಯ, ಹುಷಾರು" ಅಂದರು.

ಅಪ್ಪ ಈಗಿಲ್ಲ. ನಾಟಕದ ಅಕ್ಕ ಹೇಳಿದ ಇನ್ನೊಂದು ಕೈ ಅಂದರೆ ನನಗೆ ಅವರೇ.


ಕೋಟೆಬದಿಯವನು, ಚಿತ್ರದುರ್ಗ
ಮಂಗಳವಾರ, ರಾತ್ರಿ 8.30

ಎಲ್ಲರ ಮಾತನ್ನೂ ಓದಿದೆ. ಅಕ್ಕಾ, ನೀವು ಹೇಳಿದ್ದು ಸರಿ.

ಇವತ್ತು ಸಂಜೆ ಅವಳ ಹತ್ತಿರ ಕೂತು ಮಾತಾಡಿದೆ. ಲಾಡು ಸುಳ್ಳು ಅಂದಿದ್ದು ತಪ್ಪಾಯ್ತು ಅಂದೆ. ಅವಳು ನನ್ನನ್ನೇ ಸಮಾಧಾನ ಮಾಡುವ ಹಾಗೆ ಹೇಳಿದಳು: "ಸುಳ್ಳು ಅಂತ ನಂಗೆ ಗೊತ್ತು ಮಾಮಾ. ಲಾಡುಗೆ ರೆಕ್ಕೆ ಇರುತ್ತಾ? ಹೆಂಗೆ ಮಾಡಿದ್ರು ಅಂತ ಕೇಳಿದ್ದು. ನೀನು ಸುಳ್ಳು ಅಂದ್ರೆ ಮಾತು ಮುಗೀತು ಅಂತ ಅರ್ಥ."

"ಬೆಳಗ್ಗೆ ಹೇಳಿದ್ದೂ ಸುಳ್ಳಾ ಅಂತ ಯಾಕೆ ಕೇಳಿದೆ?" ಅಂದೆ.

"ಅದೂ ಮುಗೀತಾ ಅಂತ ಕೇಳಿದೆ. ಇನ್ನೂ ಎಷ್ಟೊಂದು ಕಲ್ಲಿಗೆ ಹೆಸರಿಟ್ಟಿಲ್ಲ."

ನಾನು ಎರಡು ದಿನ ಏನೇನೋ ತಲೆ ಕೆಡಿಸಿಕೊಂಡಿದ್ದೆ, ಮಗು ಇದ್ದದ್ದು ಇನ್ನೆಲ್ಲೋ. ಸಿನಿಮಾ ಮತ್ತೆ ಮೊದಲಿಂದ ಹಾಕಿದೆವು. ಲಾಡಿನ ಗುಟ್ಟು ನನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡೆ. ನನಗೆ ತಿಳಿದದ್ದು ಹೇಳಿದೆ, ದ್ವಾರಕೆ ಪಟ್ಟಣವನ್ನು ರಟ್ಟಿನ ಪುಟಾಣಿ ಮನೆಗಳಲ್ಲಿ ಕಟ್ಟಿದ್ದು, ದೋಣಿಯ ಹಾಡಿನ ಬೆಳದಿಂಗಳು ಕ್ಯಾಮರಾದ ಮಾರ್ಕಸ್ ಬಾರ್ಟ್ಲೆ ಅವರ ಕೈಚಳಕ ಅಂತ. 2010ರಲ್ಲಿ ಬಣ್ಣ ತುಂಬಿದ ಪ್ರತಿಯೂ ಇದೆ, ತೋರಿಸಲಾ ಅಂದೆ. ಬೇಡ, ಬಣ್ಣ ನಾನೇ ಹಾಕ್ಕೊಂಡಿದ್ದೀನಿ ಅಂದಳು. ಬೇಕಾದವರನ್ನು ತೋರಿಸುವ ಆ ಮಾಯಾ ಪೆಟ್ಟಿಗೆ ಬಂದಾಗ ಕೇಳಿದಳು, "ಇಂಥದ್ದು ಮನೇಲಿ ಮಾಡಕ್ಕಾಗುತ್ತಾ?"

ನಮ್ಮ ಚಿಕ್ಕಂದಿನಲ್ಲಿ ಬಲ್ಬಿಗೆ ನೀರು ತುಂಬಿ ಗೋಡೆ ಮೇಲೆ ಸಿನಿಮಾ ಬಿಡ್ತಿದ್ದದ್ದು ನೆನಪಾಯ್ತು. ದೊಡ್ಡಪೇಟೆ ಹುಡುಗರೆಲ್ಲ ಟಾಕೀಸಿನ ಹಿಂದೆ ಬಿದ್ದ ಫಿಲಂ ತುಂಡು ಆಯ್ತಿದ್ವಿ. ಆಪರೇಟರ್ ಕಾಕಾ, ಕ್ರಮ ಸರಿಯಾಗಿ ನೆನಪಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.


ಹಳೇಪೇಟೆ_ಆಪರೇಟರ್, ದಾವಣಗೆರೆ
ಮಂಗಳವಾರ, ರಾತ್ರಿ 9.25

ಗೊತ್ತಿಲ್ದೆ ಏನು ತಮ್ಮಾ! ನಾನು ಆಪರೇಟರ್ ಆಗಿದ್ದೇ ಅದ್ರಿಂದ.

ಹಳೇ ತಂತಿ ಬಲ್ಬು ಬೇಕು, ಸುಟ್ಟೋಗಿದ್ರೂ ಪರವಾಗಿಲ್ಲ. ಈಗಿನ ಎಲ್‌ಇಡಿ ನಡೆಯಲ್ಲ, ಅದು ಪ್ಲಾಸ್ಟಿಕ್ಕು. ಝೀರೋ ಬಲ್ಬು ಸಣ್ಣದಾಯ್ತು. ಬಲ್ಬನ್ನ ದಪ್ಪ ಬಟ್ಟೆಯಾಗೆ ಸುತ್ತಿ ಹಿಡ್ಕ, ಹಿತ್ತಾಳೆ ಟೋಪಿಯ ತುದಿಯಾಗಿರೋ ಕಪ್ಪು ಗಾಜನ್ನ ಮೊಳೆಯಿಂದ ಮೆಲ್ಲಕೆ ತಟ್ಟಿ ತೆಗಿ, ಒಳಗಿನ ಕಡ್ಡಿ ಮುರಿದು ಹೊರಗೆ ಹಾಕು. ಇದೆಲ್ಲ ನೀನೇ ಮಾಡ್ಬೇಕು, ಮಗು ದೂರ ಇರ್ಲಿ. ಕೊನೆಗೆ ನೀರು ಕಂಠಪೂರ್ತಿ ತುಂಬಿ ಬಾಯಿಗೆ ಮೇಣ ಹಚ್ಚು. ಗುಳ್ಳೆ ಉಳಿಬಾರ್ದು, ಉಳಿದ್ರೆ ಪರದೆ ಮ್ಯಾಲೆ ಚಂದ್ರನಂಗೆ ಕಾಣ್ತದೆ.

ಒಂದು ಚಪ್ಪಲಿ ಡಬ್ಬಿ. ಎರಡು ಕಡೆ ಎದುರುಬದುರು ತೂತು. ಒಂದು ತೂತಿಗೆ ಫಿಲಂ, ಅದರಿಂದ ಎರಡು ಬೆರಳು ದೂರಕ್ಕೆ ಡಬ್ಬಿ ಒಳಗೆ ಬಲ್ಬು. ಕೋಣೆ ಕತ್ತಲೆ ಮಾಡಿ, ಕಿಟಕಿ ಸಂದಿನಾಗೆ ಡಬ್ಬಿ ಇಡು. ಹೊರಗೆ ಬಿಸಿಲಾಗೆ ಒಬ್ರು ಕನ್ನಡಿ ಹಿಡ್ಕೊಂಡು ಬೆಳಕನ್ನ ಫಿಲಂ ಮ್ಯಾಲೆ ಬಿಡ್ಬೇಕು. ಆರೇಳು ಅಡಿ ದೂರದಾಗೆ ಬಿಳಿ ಪಂಚೆ. ಚಿತ್ರ ಮಸುಕಾದ್ರೆ ಬಲ್ಬನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸು. ಇನ್ನೊಂದು, ಫಿಲಂ ತಲೆಕೆಳಗು ಹಾಕ್ಬೇಕು, ಬಲ್ಬು ಚಿತ್ರಾನ ತಿರುಗಿಸ್ತದೆ. ಬೆಳಕು ಒಂದೇ ಕಡೆ ಬಹಳ ಹೊತ್ತು ಬಿಡಬ್ಯಾಡ, ಕನ್ನಡಿ ಬೆಳಕನ್ನ ಯಾರ ಕಣ್ಣಿಗೂ ಬಿಡಬ್ಯಾಡ.

ಫಿಲಂ ತುಂಡು ನನ್ನ ಟ್ರಂಕಿನಾಗೆ ಐತೆ. ನಾಳೆ ಬೆಳಗ್ಗೆ ಪರಿಚಯದ ಬಸ್ ಕಂಡಕ್ಟರ್ ಕೈಯಾಗೆ ಕಳಿಸ್ತೀನಿ, ಬಸ್‌ಸ್ಟ್ಯಾಂಡಿಗೆ ಬಂದು ಇಸ್ಕ. ಯಾವ ಸಿನಿಮಾದ್ದು ಅಂತ ನಂಗೂ ನೆನಪಿಲ್ಲ.


ಹೊಳಲ್ಕೆರೆ_ಮೇಷ್ಟ್ರು
ಮಂಗಳವಾರ, ರಾತ್ರಿ 9.50

ಕಾಕಾ, ಇದನ್ನ ಹೀಗೇ ನಕಲು ಮಾಡಿಕೊಂಡೆ. ಬೆಳಕಿನ ಪಾಠಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ನಿಮಗೂ ಒಂದು ದಿನ ನಮ್ಮ ಶಾಲೆಗೆ ಬರೋಕೆ ಆಗುತ್ತಾ?


ಕೋಟೆಬದಿಯವನು, ಚಿತ್ರದುರ್ಗ
ಗುರುವಾರ, ಸಂಜೆ 6.15

ಆಯ್ತು. ಹೇಗಾಯ್ತು ಅಂತ ಹೇಳಲೇಬೇಕು.

ತಂತಿ ಬಲ್ಬು ಸಿಗೋದೇ ಕಷ್ಟ ಆಯ್ತು. ನಾಲ್ಕು ಅಂಗಡಿ ಅಲೆದೆವು. ಸಂತೆಹೊಂಡದ ಹತ್ತಿರ ಒಬ್ಬ ಹಿರಿಯರು ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿ ಎರಡು ಕೊಟ್ಟರು, ಯಾತಕ್ಕೆ ಅಂತ ಕೇಳಿ ತಿಳಿದ ಮೇಲೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲನೆಯದು ಕಪ್ಪು ಗಾಜು ತೆಗೆಯುವಾಗ ಒಡೆಯಿತು. ಎರಡನೆಯದು ನಿಂತಿತು.

ಕಾಕಾ ಕಳಿಸಿದ ತುಂಡು ಒಂದು ಗೇಣು ಉದ್ದ. ಬೆಳಕಿಗೆ ಹಿಡಿದು ನೋಡಿದರೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ, ಅಂಗಳದಲ್ಲಿ ಇಬ್ಬರು ಮಕ್ಕಳು. ಯಾವ ಸಿನಿಮಾ ಅಂತ ಅಮ್ಮನಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕೋಣೆ ಕತ್ತಲು ಮಾಡಿದೆವು. ಅಮ್ಮ ಎಪ್ಪತ್ತಮೂರು ವರ್ಷದವರು, ತಲೆ ಮೇಲೆ ಸೆರಗು ಹೊದ್ದು ಅಂಗಳದಲ್ಲಿ ಕನ್ನಡಿ ಹಿಡಿದು ಕೂತರು. ಅವಳು ಪಂಚೆ ಮುಂದೆ. ನಾನು ಬಲ್ಬಿನ ಹತ್ತಿರ. ಮೊದಲು ಗೋಡೆ ಮೇಲೆ ಬರೀ ಬಿಳಿ ಕಲೆ ಓಡಾಡಿತು. "ಅಜ್ಜಿ, ಸ್ವಲ್ಪ ಎಡಕ್ಕೆ! ಇನ್ನೂ! ಅಲ್ಲೇ ಇರು!" ಅಂತ ಒಳಗಿಂದ ಅವಳು ಕೂಗ್ತಿದ್ದಳು, ಹೊರಗಿಂದ ಅಮ್ಮ "ಕೈ ನಡುಗ್ತೈತೆ ಕಣೆ, ತಡಿ" ಅಂತಿದ್ದರು. ಬಲ್ಬು ಒಂಚೂರು ಸರಿಸಿದೆ. ಒಮ್ಮೆಲೇ ಪಂಚೆ ಮೇಲೆ ಬಾಗಿಲು ಮೂಡಿತು, ಆಮೇಲೆ ಆ ಹೆಂಗಸು, ಅವಳ ಸೀರೆಯ ಅಂಚು, ಮಕ್ಕಳು. ಅಮ್ಮನ ಕೈ ನಡುಗಿದ ಹಾಗೆಲ್ಲ ಆ ಮಕ್ಕಳು ಅಲ್ಲಾಡಿದವು. ಒಂದೇ ಚಿತ್ರ, ಆದರೂ ಓಡುತ್ತಿದ್ದ ಹಾಗೇ ಇತ್ತು.

ಗಡಿಬಿಡಿಯಲ್ಲಿ ನಾನು ಫಿಲಂ ತಲೆಕೆಳಗು ಹಾಕೋದು ಮರೆತಿದ್ದೆ. ಮನೆ, ಬಾಗಿಲು, ಮಕ್ಕಳು ಎಲ್ಲ ಮೇಲಿನಿಂದ ಜೋತುಬಿದ್ದಿದ್ದರು. ತಿರುಗಿಸೋಕೆ ಕೈ ಹಾಕಿದೆ.

"ಬೇಡ ಮಾಮಾ," ಅಂದಳು. ಪಂಚೆ ಮುಂದೆ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಗೋಡೆ ಕಡೆಗೆ ಹಿಂದಕ್ಕೆ ಬಾಗಿಸಿ ನೋಡ್ತಿದ್ದಳು. "ಅವರು ಸರಿಯಾಗೇ ಇದಾರೆ. ನೀನೂ ಬಂದು ಹಿಂಗೆ ಮಲಕ್ಕೋ."

ಹೋಗಿ ಮಲಗಿದೆ. ಅಮ್ಮ ಹೊರಗಿಂದ ಕೂಗಿದರು: "ಕಾಣ್ತೈತಾ? ನಂಗೂ ಒಂದ್ಸಲ ತೋರಿಸ್ರೋ, ಕನ್ನಡಿ ಯಾರಾದ್ರೂ ಹಿಡ್ಕೊಳ್ಳಿ."